ನಿಲ್ಲಿಸಿ ಎಂದವರು ನಾವೇ, ಸಹಿ ಹಾಕದವರೂ ನಾವೇ

1962ರ ಸೆಪ್ಟೆಂಬರ್ 28. ಅಮೆರಿಕದ ಅಧ್ಯಕ್ಷ ಕೆನಡಿಯನ್ನು ನೋಡಲು ಭಾರತದಿಂದ ಮೂವರು ಹಿರಿಯರು ವೈಟ್ ಹೌಸ್‌ಗೆ ಹೋದರು. ಒಬ್ಬರು ರಾಜಾಜಿ, ಆಗ ಅವರಿಗೆ 83 ವರ್ಷ. ಇನ್ನೊಬ್ಬರು ನಮ್ಮ ಧಾರವಾಡದ ಆರ್.ಆರ್. ದಿವಾಕರ, ಸಂಯುಕ್ತ ಕರ್ನಾಟಕ ಪತ್ರಿಕೆಯನ್ನು ಬೆಳೆಸಿದವರಲ್ಲಿ ಒಬ್ಬರು, ವಚನಗಳ ಬಗ್ಗೆ ಬರೆದವರು. ಮೂರನೆಯವರು ಮಂಗಳೂರಿನ ಬೆನಗಲ್ ಮನೆತನದ ಶಿವರಾವ್. ಗಾಂಧಿ ಶಾಂತಿ ಪ್ರತಿಷ್ಠಾನ ಕಳಿಸಿದ ನಿಯೋಗ ಅದು. ಸಾಲ ಕೇಳಲು ಹೋದದ್ದಲ್ಲ, ಗೋಧಿ ಕೇಳಲೂ ಅಲ್ಲ. ಅಣುಬಾಂಬಿನ ಪರೀಕ್ಷೆ ನಿಲ್ಲಿಸಿ ಅಂತ ಹೇಳಲು.

ರಾಜಾಜಿಯೂ ಒಂದು ಲೆಕ್ಕದಲ್ಲಿ ನಮ್ಮವರೇ. ಹುಟ್ಟಿದ್ದು ಹೊಸೂರಿನ ಪಕ್ಕದ ಹಳ್ಳಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮೈಸೂರು ಬ್ಯಾಂಕ್ ಸರ್ಕಲ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ನಿಂತಾಗ, ಇಲ್ಲಿ ಓದಿದ ಹುಡುಗ ಒಂದು ದಿನ ಕೆನಡಿಯ ಎದುರು ಕೂತು ಬಾಂಬಿನ ಬಗ್ಗೆ ವಾದ ಮಾಡಿದನಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅಷ್ಟು ಹೊತ್ತಿಗೆ ರಾಜಾಜಿಗೂ ನೆಹರೂಗೂ ಆಗಿಬರುತ್ತಿರಲಿಲ್ಲ. ಸ್ವತಂತ್ರ ಪಕ್ಷ ಕಟ್ಟಿ ನೆಹರೂ ನೀತಿಯನ್ನೆಲ್ಲ ಬೈಯುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಇದನ್ನೆಲ್ಲ ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಅಣುಬಾಂಬ್ ಅಂದರೆ ಹಿರೋಷಿಮಾ, ನಾಗಸಾಕಿ, ಆಮೇಲೆ ಒಂದೇ ನೆಗೆತಕ್ಕೆ ಪೋಖ್ರಾನ್. ಮಧ್ಯದ 50 ವರ್ಷ ಪೂರ್ತಿ ಖಾಲಿ. ಆ ಖಾಲಿ ಜಾಗದಲ್ಲಿ 2,000ಕ್ಕೂ ಹೆಚ್ಚು ಬಾಂಬ್ ಸಿಡಿದಿವೆ. ಯುದ್ಧದಲ್ಲಿ ಹಾಕಿದ್ದು ಎರಡೇ. ಮಿಕ್ಕಿದ್ದೆಲ್ಲ ಪರೀಕ್ಷೆ. ಪರೀಕ್ಷೆ ಅಂದರೆ ಯಾರಿಗೂ ಏನೂ ಆಗಲ್ಲ, ಮರಳುಗಾಡಲ್ಲೋ ಸಮುದ್ರದಲ್ಲೋ ಸುಮ್ನೆ ಸಿಡಿಸಿ ನೋಡುತ್ತಾರೆ ಅಂತಲೇ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದೇವೆ. ಹಾಗಲ್ಲ ಅಂತ ಜಗತ್ತಿಗೆ ಗೊತ್ತಾಗಿದ್ದು ಒಂದು ಮೀನುದೋಣಿಯಿಂದ.

1954ರ ಮಾರ್ಚ್ 1ರ ಬೆಳಗ್ಗೆ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಒಂದು ಹೈಡ್ರೋಜನ್ ಬಾಂಬ್ ಸಿಡಿಸಿತು. ಹೆಸರು ಬ್ರಾವೊ. ವಿಜ್ಞಾನಿಗಳ ಅಂದಾಜು ಸುಮಾರು 6 ಮೆಗಾಟನ್ (ಒಂದು ಮೆಗಾಟನ್ ಅಂದರೆ 10 ಲಕ್ಷ ಟನ್ ಸಿಡಿಮದ್ದಿನ ಶಕ್ತಿ). ಸಿಡಿದಿದ್ದು 15. ಅಂದರೆ ಹಿರೋಷಿಮಾದ ಸುಮಾರು ಸಾವಿರ ಪಟ್ಟು. ಬಾಂಬಿನೊಳಗೆ ತುಂಬಿದ್ದ ಲಿಥಿಯಂನಲ್ಲಿ ಎರಡು ಬಗೆ ಇತ್ತು. ಒಂದು ಬಗೆ ಏನೂ ಮಾಡದೆ ತೆಪ್ಪಗಿರುತ್ತದೆ ಅಂತ ಲೆಕ್ಕ ಹಾಕಿದ್ದರು. ಅದು ತೆಪ್ಪಗಿರಲಿಲ್ಲ. ಹವಳ ಪುಡಿಪುಡಿಯಾಗಿ ಮೇಲೆ ಹೋಗಿ, ವಿಕಿರಣ ಅಂಟಿಸಿಕೊಂಡು, ಬಿಳಿ ಬೂದಿಯಾಗಿ ಕೆಳಗೆ ಬಿತ್ತು. ರೊಂಗೆಲಾಪ್ ಎಂಬ ದ್ವೀಪದ ಮಕ್ಕಳು ಅದರಲ್ಲಿ ಆಡಿದರು. ಅಲ್ಲಿನ ಜನರನ್ನು ತೆರವು ಮಾಡಿದ್ದು ಎರಡು ದಿನ ಬಿಟ್ಟು. ಇಲ್ಲಿಗೆ ಬರಬೇಡಿ ಅಂತ ಅಮೆರಿಕ ಗೆರೆ ಎಳೆದಿತ್ತಲ್ಲ, ಆ ಗೆರೆಯ ಹೊರಗೇ ಜಪಾನಿನ ದೈಗೊ ಫುಕುರ್ಯು ಮಾರು ಎಂಬ ಟ್ಯೂನಾ ಹಿಡಿಯುವ ದೋಣಿ ಇತ್ತು. 23 ಜನ. ಬೂದಿ ಅವರ ತಲೆ ಮೇಲೆ, ದೋಣಿ ಮೇಲೆ, ಮೀನಿನ ಮೇಲೆ ಸುರಿಯಿತು. ಎರಡು ವಾರ ಕಳೆದು ದಡ ಸೇರುವಷ್ಟರಲ್ಲಿ ಎಲ್ಲರಿಗೂ ಕಾಯಿಲೆ. ದೋಣಿಯ ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಅವರ ಮೀನು ಆಗಲೇ ಮಾರುಕಟ್ಟೆಗೆ ಹೋಗಿತ್ತು. ಜಪಾನಿನಲ್ಲಿ ಮೀನು ಅಂದರೆ ದಿನದ ಊಟ. ಜನ ಗಾಬರಿಯಾದರು. ಟೋಕಿಯೊದ ಸುಗಿನಾಮಿ ಎಂಬ ಬಡಾವಣೆಯ ಗೃಹಿಣಿಯರು ಸಹಿ ಸಂಗ್ರಹಕ್ಕೆ ಇಳಿದರು. ಅದು ದೇಶವೆಲ್ಲ ಹಬ್ಬಿ ಮರುವರ್ಷದ ಹೊತ್ತಿಗೆ 3 ಕೋಟಿ ಸಹಿ ದಾಟಿತು. ಯಾವ ಪಕ್ಷದವರೂ ಶುರು ಮಾಡಿದ್ದಲ್ಲ ಅದು. ಸಂಜೆ ಅಡುಗೆಗೆ ಮೀನು ತರೋದೋ ಬೇಡವೋ ಅಂತ ನಿಂತವರು ಶುರು ಮಾಡಿದ್ದು.

ಬ್ರಾವೊ ಸಿಡಿದು ಒಂದು ತಿಂಗಳಾಗಿತ್ತು ಅಷ್ಟೆ. 1954ರ ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು ಒಂದು ಸಲಹೆ ಕೊಟ್ಟರು. ಬಾಂಬ್ ನಾಶ ಮಾಡುವ ಮಾತುಕತೆ ವರ್ಷಗಟ್ಟಲೆ ನಡೆಯುತ್ತದೆ, ನಡೆಯಲಿ. ಅಲ್ಲಿಯವರೆಗೆ ಕನಿಷ್ಠ ಸಿಡಿಸುವುದನ್ನಾದರೂ ನಿಲ್ಲಿಸಿ, ಇದ್ದಲ್ಲೇ ನಿಲ್ಲುವ ಒಂದು ಒಪ್ಪಂದ ಮಾಡಿಕೊಳ್ಳಿ ಎಂದರು. ಪರೀಕ್ಷೆಯೊಂದನ್ನೇ ಬೇರೆಯಾಗಿ ತೆಗೆದು ನಿಲ್ಲಿಸಿ ಅಂತ ಕೇಳಿದ ಸರ್ಕಾರದ ಮುಖ್ಯಸ್ಥರಲ್ಲಿ ಅವರೇ ಮೊದಲಿಗರು. ಆಗ ಇದು ಎಷ್ಟು ಜಾಣ ಸಲಹೆಯಾಗಿತ್ತು ಅಂತ ಈಗ ಗೊತ್ತಾಗುತ್ತದೆ. ಬಾಂಬ್ ಬಿಡಿ ಅಂದರೆ ಯಾರೂ ಬಿಡಲ್ಲ. ಆದರೆ ಹೊಸ ಬಾಂಬ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ಸಿಡಿಸಿ ನೋಡಲು ಆಗದಿದ್ದರೆ ಪೈಪೋಟಿ ತಾನಾಗಿಯೇ ನಿಧಾನವಾಗುತ್ತದೆ. ನೆಹರೂ ಅಷ್ಟಕ್ಕೇ ಬಿಡಲಿಲ್ಲ. ವಿಜ್ಞಾನಿ ಡಿ.ಎಸ್. ಕೊಠಾರಿ ಅವರಿಂದ ಅಣುಸ್ಫೋಟದ ಪರಿಣಾಮಗಳ ಬಗ್ಗೆ ಒಂದು ಅಧ್ಯಯನ ಮಾಡಿಸಿ 1956ರಲ್ಲಿ ಪ್ರಕಟಿಸಿದರು. ಆಗಷ್ಟೇ ಎದ್ದು ನಿಲ್ಲುತ್ತಿದ್ದ ಬಡ ದೇಶವೊಂದು ಮಾಡಿದ ಕೆಲಸ ಇದು.

ದೊಡ್ಡ ದೇಶಗಳಲ್ಲಿ ವಿಜ್ಞಾನಿಗಳೂ ಏಳತೊಡಗಿದ್ದರು. ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1958ರ ಜನವರಿಯಲ್ಲಿ 9,000ಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಹೊತ್ತು ವಿಶ್ವಸಂಸ್ಥೆಗೆ ಹೋದರು. ಆದರೆ ನನಗೆ ಇಡೀ ಚರಿತ್ರೆಯಲ್ಲಿ ಜಾಸ್ತಿ ಹಿಡಿಸುವುದು ಹಲ್ಲಿನ ಕತೆ.

ಬಾಂಬ್ ಸಿಡಿದಾಗ ಸ್ಟ್ರಾನ್ಷಿಯಂ-90 ಎಂಬ ವಿಕಿರಣ ಸೂಸುವ ವಸ್ತು ಹುಟ್ಟುತ್ತದೆ. ಅದರ ಗುಣ ಕ್ಯಾಲ್ಸಿಯಂನಂತೆಯೇ. ಮಳೆಯ ಜೊತೆ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲನ್ನು ಹಸು ತಿನ್ನುತ್ತದೆ, ಹಾಲಿಗೆ ಬರುತ್ತದೆ, ಹಾಲು ಕುಡಿದ ಮಗುವಿನ ಮೂಳೆಗೂ ಹಲ್ಲಿಗೂ ಸೇರಿಕೊಳ್ಳುತ್ತದೆ. ಅರ್ಧ ಕರಗಲು ಸುಮಾರು 29 ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ 1958ರ ಕೊನೆಗೆ ಲೂಯಿಸ್ ರೀಸ್ ಎಂಬ ವೈದ್ಯೆ, ಬ್ಯಾರಿ ಕಾಮನರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಕೆಲಸ ಶುರು ಮಾಡಿದರು. ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ನಮಗೆ ಕಳಿಸಿ ಅಂತ ಊರಿಗೆಲ್ಲ ಕೇಳಿಕೊಂಡರು. ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು, ನೆನಪಿದೆಯಾ? ಅಲ್ಲಿ ಮಕ್ಕಳು ಹಲ್ಲನ್ನು ಲಕೋಟೆಗೆ ಹಾಕಿ ಕಳಿಸಿದರು. ಪ್ರತಿಯಾಗಿ, ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ ಅಂತ ಬರೆದ ಒಂದು ಬಿಲ್ಲೆ ಸಿಗುತ್ತಿತ್ತು, ಅಂಗಿಗೆ ಚುಚ್ಚಿಕೊಳ್ಳಲು. ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಹಲ್ಲು ಬಂದವು. ಮೊದಲ ಫಲಿತಾಂಶ 1961ರಲ್ಲೇ ಹೊರಬಿತ್ತು. 1950ರ ದಶಕದ ಶುರುವಿನಲ್ಲಿ ಹುಟ್ಟಿದ ಮಕ್ಕಳ ಹಲ್ಲಿಗಿಂತ ಆಮೇಲೆ ಹುಟ್ಟಿದವರ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಏರುತ್ತಾ ಹೋಗಿತ್ತು. ಎಲ್ಲೋ ದೂರದ ಮರಳುಗಾಡಿನಲ್ಲಿ ಸಿಡಿದದ್ದು ಮನೆಯ ಮಗುವಿನ ಬಾಯಲ್ಲಿ ಸಿಕ್ಕಿತು. ಅದೇ ವರ್ಷ ನವೆಂಬರ್ 1ರಂದು ಅಮೆರಿಕದ ಹತ್ತಾರು ಊರುಗಳಲ್ಲಿ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು.

ಇದು ಅಮೆರಿಕದ ಹಾಲಿನ ಕತೆ, ನಮಗೇನು ಅನ್ನೋ ಹಾಗಿಲ್ಲ. ಗಾಳಿಯಲ್ಲಿ ಸಿಡಿಸಿದ ಬಾಂಬುಗಳಿಂದ ಇಡೀ ಭೂಮಿಯ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಲಾಲ್‌ಬಾಗಿನ ಹಳೆ ಮರಗಳಲ್ಲಿ 60ರ ದಶಕದಲ್ಲಿ ಬೆಳೆದ ಭಾಗವನ್ನು ಕೊರೆದು ನೋಡಿದರೆ ಅಲ್ಲೂ ಅದರ ಗುರುತು ಇರುತ್ತದೆ.

ಜನ ಇಷ್ಟು ಗಲಾಟೆ ಮಾಡಿದರೂ ಸರ್ಕಾರಗಳು ಯಾಕೆ ನಿಲ್ಲಿಸಲಿಲ್ಲ? ಅಲ್ಲಿ ಬರುತ್ತಿದ್ದ ಉತ್ತರ ಒಂದೇ. ನಾವು ನಿಲ್ಲಿಸುತ್ತೇವೆ, ಆದರೆ ಅವರು ಕದ್ದುಮುಚ್ಚಿ ಭೂಮಿಯೊಳಗೆ ಸಿಡಿಸಿದರೆ ನಮಗೆ ಹೇಗೆ ಗೊತ್ತಾಗಬೇಕು? ಕೇಳಲು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಪ್ರಶ್ನೆಯನ್ನು ಕೇಳಿದವರಲ್ಲಿ ತುಂಬಾ ಜನಕ್ಕೆ ಉತ್ತರ ಬೇಕಿರಲಿಲ್ಲ ಅಂತ ನನ್ನ ಬಲವಾದ ಅನುಮಾನ. 1957ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ನೆವಾಡದಲ್ಲಿ ರೇನಿಯರ್ ಎಂಬ ಹೆಸರಿನ ಸಣ್ಣ ಬಾಂಬೊಂದನ್ನು ಬೆಟ್ಟದೊಳಗೆ ಸಿಡಿಸಿತು. ಬರೀ 1.7 ಕಿಲೋಟನ್, ಅಂದರೆ 1,700 ಟನ್ ಸಿಡಿಮದ್ದಿನಷ್ಟು. ಅಲ್ಲಿನ ಅಣುಶಕ್ತಿ ಆಯೋಗ, ಇದರ ಕಂಪನ 250 ಮೈಲಿಯಾಚೆ ಯಾರಿಗೂ ಕೇಳಿಲ್ಲ ಅಂದಿತು. ಅಂದರೆ ಕಳ್ಳತನ ಹಿಡಿಯಲು ಆಗಲ್ಲ ಅಂತಾಯಿತು. ಐ.ಎಫ್. ಸ್ಟೋನ್ ಎಂಬ ಪತ್ರಕರ್ತ, ಒಬ್ಬರೇ ಕೂತು ವಾರಕ್ಕೊಂದು ಪತ್ರಿಕೆ ಹೊರಡಿಸುತ್ತಿದ್ದವರು, ಇದನ್ನು ನಂಬಲಿಲ್ಲ. ಭೂಕಂಪ ದಾಖಲೆ ಇಡುವವರನ್ನು ಕೇಳಿದರು. ಸುಮಾರು 2,300 ಮೈಲಿ ದೂರದ ಅಲಾಸ್ಕದಲ್ಲೂ ಅದು ದಾಖಲಾಗಿತ್ತು! ಆಯೋಗ ತನ್ನ ಹೇಳಿಕೆ ತಿದ್ದಬೇಕಾಯಿತು.

ಮರುವರ್ಷ ಜಿನೀವಾದಲ್ಲಿ ಅಮೆರಿಕ, ಸೋವಿಯತ್ ಎರಡೂ ಕಡೆಯ ವಿಜ್ಞಾನಿಗಳು ಕೂತು, ಜಗತ್ತಿನ ತುಂಬ ಕೇಂದ್ರಗಳನ್ನು ಹಾಕಿದರೆ ಪತ್ತೆ ಸಾಧ್ಯ ಎಂದರು. ಆ ಕೆಲಸಕ್ಕಾಗಿ ಆಮೇಲೆ ಎದ್ದ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ.

ಗೌರಿಬಿದನೂರು. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಹೋದರೆ ಹೆಚ್ಚೆಂದರೆ ಎರಡು ಗಂಟೆ ದಾರಿ. ಅಲ್ಲಿಗೆ ಹೋಗುವವರು ವಿದುರಾಶ್ವತ್ಥ ನೋಡುತ್ತಾರೆ, ಸ್ವಲ್ಪ ವಿಜ್ಞಾನದ ಹುಚ್ಚಿದ್ದವರು ರೇಡಿಯೊ ದೂರದರ್ಶಕ ನೋಡುತ್ತಾರೆ. 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಟ್ರಾಂಬೆಯ ನಮ್ಮ ಸಂಸ್ಥೆ, ಅಂದರೆ ಈಗಿನ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಅಲ್ಲಿ ಸಾಲಾಗಿ 20 ಕಂಪನಮಾಪಕಗಳನ್ನು ನೆಲದಲ್ಲಿ ಇಟ್ಟಿತು. ಎಲ್ ಅಕ್ಷರದ ಆಕಾರ, ಒಂದೊಂದು ತೋಳು ಸುಮಾರು 25 ಕಿಲೋಮೀಟರ್. ಇಂಥವೇ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವರಮುಂಗಾದಲ್ಲೂ ಇವೆ. ಕೆಳಗೆ ಗಟ್ಟಿ ಬಂಡೆ, ಸಮುದ್ರದ ಅಲೆಗಳ ಗದ್ದಲದಿಂದ ದೂರ, ಅದಕ್ಕೇ ನಮ್ಮ ಬಯಲುಸೀಮೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಕೆಲಸ ಮಾಡುವ ಬಗೆ ಹೀಗೆ. ಭೂಪಟದಲ್ಲಿ ಗೌರಿಬಿದನೂರಿನ ಮೇಲೆ ಬೆರಳಿಟ್ಟು ನೇರ ಉತ್ತರಕ್ಕೆ ಎಳೆಯಿರಿ. ಹಿಮಾಲಯ ದಾಟಿ, ಸುಮಾರು 4,000 ಕಿಲೋಮೀಟರ್ ಆದಮೇಲೆ ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿ ಸೆಮಿಪಲಾಟಿನ್ಸ್ಕ್ ಸಿಗುತ್ತದೆ, ಸೋವಿಯತ್ ಒಕ್ಕೂಟದ ಮುಖ್ಯ ಪರೀಕ್ಷಾ ಬಯಲು. ಅಲ್ಲಿ ನೆಲದೊಳಗೆ ಬಾಂಬ್ ಸಿಡಿದರೆ ಅದರ ಮೊದಲ ಅಲೆ ಭೂಮಿಯ ಒಡಲೊಳಗಿಂದ ಇಲ್ಲಿಗೆ ತಲುಪಲು ಸುಮಾರು ಏಳು ನಿಮಿಷ. ಮೆಜೆಸ್ಟಿಕ್‌ನಿಂದ ಕಾರ್ಪೊರೇಷನ್ ಸರ್ಕಲ್‌ಗೆ ಬರುವಷ್ಟರಲ್ಲಿ. ಅಲ್ಲ, ಟ್ರಾಫಿಕ್ ಇದ್ದರೆ ಅದಕ್ಕಿಂತ ಬೇಗ. ಸಾಲಿನ ಒಂದು ತುದಿಯ ಯಂತ್ರಕ್ಕೂ ಇನ್ನೊಂದು ತುದಿಯ ಯಂತ್ರಕ್ಕೂ ಅಲೆ ಮುಟ್ಟುವುದರಲ್ಲಿ ಒಂದೆರಡು ಸೆಕೆಂಡು ವ್ಯತ್ಯಾಸ. ಆ ವ್ಯತ್ಯಾಸ ಅಳೆದರೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತು ಅಂತ ಹೇಳಬಹುದು. ಇಪ್ಪತ್ತೂ ಯಂತ್ರಗಳ ದಾಖಲೆಯನ್ನು ಆ ವ್ಯತ್ಯಾಸ ಸರಿಪಡಿಸಿ ಒಟ್ಟು ಸೇರಿಸಿದರೆ ಲಾರಿ, ಗಾಳಿ, ಪಂಪ್‌ಸೆಟ್ಟಿನ ಗದ್ದಲ ಕುಗ್ಗಿ ದೂರದ ಅಲೆ ಮಾತ್ರ ಎದ್ದು ಕಾಣುತ್ತದೆ. ಇನ್ನು ಅದು ಬಾಂಬೋ ಭೂಕಂಪವೋ? ಬಾಂಬ್ ಸುತ್ತಲಿನ ಬಂಡೆಯನ್ನು ಎಲ್ಲ ಕಡೆಗೂ ಒಂದೇ ಸಮ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ನೆಲದ ಎರಡು ಹೋಳು ಒಂದಕ್ಕೊಂದು ಜಾರುತ್ತವೆ, ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಎಳೆತ. ಭೂಕಂಪದಲ್ಲಿ ನೆಲದ ಮೇಲ್ಪದರದಲ್ಲಿ ಓಡುವ ಅಲೆ ದೊಡ್ಡದು, ಬಾಂಬಿನಲ್ಲಿ ಚಿಕ್ಕದು. ಎರಡನ್ನೂ ಹೋಲಿಸಿದರೆ ಬಹಳ ಸಲ ಗುಟ್ಟು ರಟ್ಟಾಗುತ್ತದೆ.

ಇಷ್ಟೆಲ್ಲ ವಿದ್ಯೆ ಕೈಗೆ ಬರುವ ಮುಂಚೆಯೇ ರಾಜಕೀಯ ತನ್ನ ದಾರಿ ಹಿಡಿದಿತ್ತು. 1958ರ ನವೆಂಬರ್‌ನಿಂದ ಅಮೆರಿಕ, ಸೋವಿಯತ್, ಬ್ರಿಟನ್ ಮೂವರೂ ಬಾಯಿಮಾತಿನ ಮೇಲೆ ಪರೀಕ್ಷೆ ನಿಲ್ಲಿಸಿದ್ದರು. ನಡುವೆ 1960ರಲ್ಲಿ ಫ್ರಾನ್ಸ್ ಸಹಾರಾದಲ್ಲಿ ಸಿಡಿಸಿತು. 1961ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಮಾತು ಮುರಿಯಿತು. ಅಕ್ಟೋಬರ್ 30ರಂದು ನೊವಾಯ ಜೆಮ್ಲ್ಯಾ ದ್ವೀಪದ ಮೇಲೆ 50 ಮೆಗಾಟನ್ನಿನ ಬಾಂಬ್ ಸಿಡಿಸಿದರು, ಇವತ್ತಿನವರೆಗೂ ಅಷ್ಟು ದೊಡ್ಡದು ಇನ್ನೊಂದಿಲ್ಲ. ಅಮೆರಿಕ ಸುಮ್ಮನಿರುತ್ತದಾ? 1962ರ ಜುಲೈ 9ರಂದು ಪೆಸಿಫಿಕ್ ಮೇಲೆ, ನೆಲದಿಂದ 400 ಕಿಲೋಮೀಟರ್ ಎತ್ತರದಲ್ಲಿ ಒಂದನ್ನು ಸಿಡಿಸಿ ನೋಡಿತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಹವಾಯಿಯಲ್ಲಿ ಬೀದಿದೀಪ ಆರಿದವು, ಆಗಷ್ಟೇ ಮೇಲೆ ಹೋಗುತ್ತಿದ್ದ ಉಪಗ್ರಹಗಳು ಕೆಟ್ಟವು. ನಮ್ಮ ಮೂವರು ಹಿರಿಯರು ಕೆನಡಿಯ ಬಾಗಿಲಿಗೆ ಹೋದದ್ದು ಇಂಥ ಹೊತ್ತಿನಲ್ಲಿ. ಅವರು ಭೇಟಿಯಾಗಿ ಒಂದು ತಿಂಗಳೊಳಗೆ ಕ್ಯೂಬಾ ಬಿಕ್ಕಟ್ಟು ಬಂತು, ಅದೇ ಅಕ್ಟೋಬರ್‌ನಲ್ಲಿ ನಮ್ಮ ಗಡಿಯಲ್ಲಿ ಚೀನಾ ಯುದ್ಧವೂ ಶುರುವಾಯಿತು. ಶಾಂತಿಯ ನಿಯೋಗ ಹೋಗಿತ್ತು ಅನ್ನೋದೇ ಜನಕ್ಕೆ ಮರೆತುಹೋಯಿತು.

ಕ್ಯೂಬಾದಲ್ಲಿ ಸಾವಿನ ಅಂಚಿಗೆ ಹೋಗಿ ಬಂದಮೇಲೆ ಎರಡೂ ಕಡೆಯವರಿಗೆ ಸ್ವಲ್ಪ ಬುದ್ಧಿ ಬಂತು. ಪೂರ್ತಿ ನಿಷೇಧಕ್ಕೆ ಬಹಳ ಹತ್ತಿರ ಬಂದಿದ್ದರು. ಅನುಮಾನ ಬಂದರೆ ವರ್ಷಕ್ಕೆ ಎಷ್ಟು ಸಲ ಸ್ಥಳಕ್ಕೆ ಹೋಗಿ ನೋಡಬಹುದು ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿತು. ಸೋವಿಯತ್ ಎರಡು ಮೂರು ಸಲ ಅಂದಿತು. ಅಮೆರಿಕ ಇಳಿದೂ ಇಳಿದೂ ಏಳಕ್ಕೆ ನಿಂತಿತು. ಮೂರಕ್ಕೂ ಏಳಕ್ಕೂ ನಡುವೆ ಐದು ಅನ್ನೋ ಸಂಖ್ಯೆ ಇದೆ, ನಮ್ಮ ಕೆ.ಆರ್. ಮಾರ್ಕೆಟ್ಟಿನ ಹೂವಿನವರು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು. ಇವರಿಗೆ ಆಗಲಿಲ್ಲ. ಜಗಳವಾಗುವುದು ಭೂಮಿಯೊಳಗಿನದಕ್ಕೆ ತಾನೆ, ಅದನ್ನು ಬಿಟ್ಟುಬಿಡೋಣ ಅಂತ ಬಿಟ್ಟರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಬೇಡ ಎಂದಿತು. ಮೂರೇ ದಿನಕ್ಕೆ, ಆಗಸ್ಟ್ 8ಕ್ಕೆ, ಭಾರತ ಸಹಿ ಹಾಕಿತು. ಅಕ್ಟೋಬರ್ 10ರಂದು ಒಪ್ಪಂದ ಜಾರಿಗೆ ಬಂತು. ಪೌಲಿಂಗ್‌ಗೆ ಶಾಂತಿಯ ನೊಬೆಲ್ ಘೋಷಣೆಯಾಗಿದ್ದೂ ಅದೇ ದಿನ.

ಹಾಲು ಸುಧಾರಿಸಿತು. ಆಮೇಲೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಇಳಿಯಿತು. ಅದು ಸಣ್ಣ ವಿಷಯ ಅಲ್ಲ. ಆದರೆ ಬಾಂಬ್ ಪೈಪೋಟಿ ನಿಲ್ಲಲಿಲ್ಲ, ನೆಲದೊಳಗೆ ಇಳಿಯಿತು ಅಷ್ಟೆ. ಒಟ್ಟು ಪರೀಕ್ಷೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಭೂಮಿಯೊಳಗೇ ಆದವು. ಬೂದಿ ಕಾಣದಾದ ಮೇಲೆ ತಾಯಂದಿರೂ ಮನೆಗೆ ಹೋದರು. ಅರ್ಧ ಒಪ್ಪಂದದ ತೊಂದರೆ ಇದೇ ಅಂತ ನನಗನ್ನಿಸುತ್ತದೆ. ಒಂದು ದೊಡ್ಡ ಕೆಡುಕನ್ನು ನಿಜವಾಗಿ ತಪ್ಪಿಸಿತು, ಅದರ ಜೊತೆಗೇ ಒತ್ತಡವನ್ನೂ ಇಳಿಸಿಬಿಟ್ಟಿತು.

ಫ್ರಾನ್ಸ್ ಮತ್ತು ಚೀನಾ ಆ ಒಪ್ಪಂದಕ್ಕೂ ಸೇರಲಿಲ್ಲ. ಗಾಳಿಯಲ್ಲಿ ಕೊನೆಯ ಪರೀಕ್ಷೆ ಚೀನಾದ್ದು, 1980ರ ಅಕ್ಟೋಬರ್‌ನಲ್ಲಿ. ಪೆಸಿಫಿಕ್‌ನ ಮುರುರೋವ ದ್ವೀಪದಲ್ಲಿ ಫ್ರಾನ್ಸ್ ಮಾಡುತ್ತಿದ್ದ ಪರೀಕ್ಷೆ ವಿರೋಧಿಸಿ ನ್ಯೂಜಿಲೆಂಡ್ 1973ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಯಿತು, ಯುದ್ಧನೌಕೆಯನ್ನೂ ಕಳಿಸಿತು. 1985ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ರೇನ್‌ಬೋ ವಾರಿಯರ್ ಹಡಗನ್ನು ಫ್ರಾನ್ಸಿನ ಗೂಢಚಾರರು ಆಕ್ಲೆಂಡ್ ಬಂದರಿನಲ್ಲಿ ಮುಳುಗಿಸಿದಾಗ ಒಬ್ಬ ಛಾಯಾಗ್ರಾಹಕ ಸತ್ತರು.

ಸೆಮಿಪಲಾಟಿನ್ಸ್ಕ್ ಮುಚ್ಚಿದ್ದು ಮಾತ್ರ ಒಬ್ಬ ಕವಿಯಿಂದ. ಕಜಾಕಿಸ್ತಾನದ ಓಲ್ಜಸ್ ಸುಲೇಮೆನೊವ್ 1989ರ ಫೆಬ್ರವರಿಯಲ್ಲಿ ಟಿವಿಯಲ್ಲಿ ನೇರ ಪ್ರಸಾರದಲ್ಲಿ ಕವಿತೆ ಓದಬೇಕಿತ್ತು. ಕವಿತೆ ಪಕ್ಕಕ್ಕಿಟ್ಟು, ಆ ತಿಂಗಳು ನಡೆದ ಪರೀಕ್ಷೆಗಳಿಂದ ವಿಕಿರಣ ಸೋರಿದೆ ಅಂತ ಹೇಳಿ ಜನರನ್ನು ಸಭೆಗೆ ಕರೆದರು. ಜನ ಬಂದರು. 456 ಬಾಂಬ್ ಸಿಡಿದಿದ್ದ ಆ ಬಯಲು 1991ರ ಆಗಸ್ಟ್ 29ರಂದು ಮುಚ್ಚಿತು. ಕವಿಗಳಿಂದ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳುತ್ತೇನೆ.

ಇನ್ನು ನಮ್ಮ ಮನೆಯ ವಿಷಯ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಾವೂ ಸಿಡಿಸಿದೆವು. ಭೂಮಿಯೊಳಗೆ, ಹಾಗಾಗಿ 1963ರ ಒಪ್ಪಂದ ಮುರಿಯಲಿಲ್ಲ. ಶಾಂತಿಯ ಉದ್ದೇಶಕ್ಕೆ ಅಂದೆವು. ಆ ತಂಡದ ಮುಂದಾಳು ರಾಜಾ ರಾಮಣ್ಣ, ತುಮಕೂರಿನಲ್ಲಿ ಹುಟ್ಟಿದವರು, ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರು, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದವರು. ದಿವಾಕರರೂ ನಮ್ಮವರು, ರಾಮಣ್ಣನವರೂ ನಮ್ಮವರು. ಯಾರನ್ನು ಬಿಟ್ಟುಕೊಡೋದು?

1993ರಲ್ಲಿ ಅಮೆರಿಕದ ಜೊತೆ ಸೇರಿ ಪೂರ್ತಿ ನಿಷೇಧದ ಮಾತುಕತೆಗೆ ವಿಶ್ವಸಂಸ್ಥೆಯಲ್ಲಿ ನಿರ್ಣಯ ಮಂಡಿಸಿದವರಲ್ಲಿ ಭಾರತವೂ ಒಂದು. 1994ರಿಂದ ಜಿನೀವಾದಲ್ಲಿ ಮಾತುಕತೆ ನಡೆಯಿತು. 1996ರ ಜೂನ್ ಹೊತ್ತಿಗೆ ಸಿಟಿಬಿಟಿ ಎಂಬ ಆ ಪೂರ್ತಿ ನಿಷೇಧದ ಒಪ್ಪಂದದ ಕರಡು ಸಿದ್ಧ. ದೆಹಲಿಯಲ್ಲಿ ಆಗಷ್ಟೇ ಪ್ರಧಾನಿಯಾಗಿ ಕೂತವರು ನಮ್ಮ ಹಾಸನದ ದೇವೇಗೌಡರು. ಜೂನ್ 20ರಂದು ಜಿನೀವಾದಲ್ಲಿ ರಾಯಭಾರಿ ಅರುಂಧತಿ ಘೋಷ್ ಎದ್ದು, ಈ ರೂಪದಲ್ಲಿ ನಾವು ಸಹಿ ಹಾಕಲ್ಲ ಎಂದರು. ಕಾರಣಗಳನ್ನೂ ಕೊಟ್ಟರು. ಬಾಂಬ್ ಇದ್ದವರು ಯಾವಾಗ ಬಿಡುತ್ತಾರೆ ಅನ್ನೋದಕ್ಕೆ ಗಡುವು ಇಲ್ಲ. ಸಾವಿರ ಬಾಂಬ್ ಸಿಡಿಸಿ ಲೆಕ್ಕವೆಲ್ಲ ಕಂಪ್ಯೂಟರಿಗೆ ತುಂಬಿಕೊಂಡವರು ಇನ್ನು ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಾರೆ, ಬೇರೆಯವರಿಗೆ ಬಾಗಿಲು ಮುಚ್ಚುತ್ತದೆ. ಮೇಲಾಗಿ 44 ದೇಶಗಳ ಪಟ್ಟಿ ಮಾಡಿ, ಆ ಎಲ್ಲರೂ ಒಪ್ಪಿದರೆ ಮಾತ್ರ ಜಾರಿ ಅಂತ ಬರೆದರು. ಅದರಲ್ಲಿ ನಮ್ಮ ಹೆಸರೂ ಇತ್ತು, ಬೇಡ ಅಂದಮೇಲೂ ತೆಗೆಯಲಿಲ್ಲ. ಜಿನೀವಾದಲ್ಲಿ ನಾವು ತಡೆದೆವು. ಆಸ್ಟ್ರೇಲಿಯಾ ಅದನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಒಯ್ದಿತು. ಸೆಪ್ಟೆಂಬರ್ 10ರಂದು ಪರವಾಗಿ 158, ವಿರುದ್ಧ 3. ಆ ಮೂರು ಭಾರತ, ಭೂತಾನ್, ಲಿಬಿಯಾ.

ಈ ಮೂರು ಕಾರಣಗಳೂ ನನ್ನ ಪ್ರಕಾರ ಸರಿಯಾದವೇ. ದೊಡ್ಡವರ ಕಪಟ ಅದರಲ್ಲಿ ಇತ್ತು. ಆದರೆ ನಮ್ಮ ಕಡೆಯೂ ಪೂರ್ತಿ ಮಾತು ಹೊರಗೆ ಬರಲಿಲ್ಲ. 1995ರ ಕೊನೆಗೇ ಪೋಖ್ರಾನ್‌ನಲ್ಲಿ ತಯಾರಿ ನಡೆದಿತ್ತು, ಅಮೆರಿಕದ ಉಪಗ್ರಹ ಕಂಡುಹಿಡಿದು ನರಸಿಂಹ ರಾವ್ ಸರ್ಕಾರದ ಮೇಲೆ ಒತ್ತಡ ತಂದಿತ್ತು. ಬೇಡ ಅಂದಿದ್ದರ ಹಿಂದೆ ನ್ಯಾಯವೂ ಇತ್ತು, ನಮಗೂ ಒಂದು ಸಿಡಿಸಬೇಕಿತ್ತು ಅನ್ನೋದೂ ಇತ್ತು.

1998ರ ಮೇ 11 ಮತ್ತು 13. ಆಗ ಬೆಂಗಳೂರಿನಲ್ಲೂ ಪಟಾಕಿ ಹೊಡೆದರು. ಮೇ 28ಕ್ಕೆ ಪಾಕಿಸ್ತಾನ ಉತ್ತರ ಕೊಟ್ಟಿತು. ಮಜಾ ಏನೆಂದರೆ ಪೋಖ್ರಾನ್ ಮುಗಿದಮೇಲೆ ನಡೆದ ಜಗಳವೂ ಕಂಪನದ್ದೇ. ಹೈಡ್ರೋಜನ್ ಬಾಂಬ್ 45 ಕಿಲೋಟನ್ ಅಂತ ಸರ್ಕಾರ ಹೇಳಿತು. ಅಲೆಯ ಅಳತೆ ನೋಡಿದ ಹೊರಗಿನ ತಜ್ಞರು ಅಷ್ಟಿರಲಿಕ್ಕಿಲ್ಲ ಅಂದರು. 2009ರಲ್ಲಿ ಆ ಪರೀಕ್ಷೆಯಲ್ಲೇ ಇದ್ದ ಕೆ. ಸಂತಾನಂ ಕೂಡ ಅದು ಪೂರ್ತಿ ಸಿಡಿಯಲಿಲ್ಲ ಅಂದರು, ಬಾರ್ಕ್‌ನವರು ಒಪ್ಪಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಮೇ 13ರ ಎರಡು ಪರೀಕ್ಷೆ ಒಂದು ಕಿಲೋಟನ್ನಿಗಿಂತ ಸಣ್ಣವು. ಅವು ಹೊರಗಿನ ಯಾವ ಕಂಪನ ಕೇಂದ್ರಕ್ಕೂ ಸಿಗಲಿಲ್ಲ. 1999ರಲ್ಲಿ ಅಮೆರಿಕದ ಸೆನೆಟ್ ಈ ಪೂರ್ತಿ ನಿಷೇಧದ ಒಪ್ಪಂದವನ್ನು 51-48ರಲ್ಲಿ ತಿರಸ್ಕರಿಸುವಾಗ, ಪತ್ತೆ ಆಗಲ್ಲ ಅನ್ನುವವರ ಕೈಯಲ್ಲಿ ನಮ್ಮ ಉದಾಹರಣೆಯೇ ಇತ್ತು.

ನಮ್ಮ ದೊಡ್ಡಪ್ಪ ಮಲ್ಲೇಶ್ವರದಲ್ಲಿದ್ದಾರೆ, ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 2025ರ ಅಕ್ಟೋಬರ್ ಕೊನೆಗೆ ಟ್ರಂಪ್ ಮತ್ತೆ ಪರೀಕ್ಷೆ ಶುರು ಮಾಡಲು ಹೇಳಿದ್ದೇನೆ ಅಂದಾಗ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಇದೇ ಮಾತು ಬಂತು. ನಾನು ಹಲ್ಲಿನ ಕತೆ ಹೇಳಿದೆ.

“ಸಹಿ ಹಾಕಿದ್ರೆ 98 ಎಲ್ಲಿ ಬರ್ತಿತ್ತೋ?” ಅಂದರು. “ಚೀನಾ ತಲೆ ಮೇಲೆ ಕೂತಿದೆ. ನೀನು ಹಲ್ಲು ಎಣಿಸ್ಕೊಂಡು ಕೂತ್ಕೋ.”

“ಸರಿ ದೊಡ್ಡಪ್ಪ, 98 ಆಯ್ತಲ್ಲ. ಆಮೇಲೆ ನಾವು ಒಂದೂ ಸಿಡಿಸಿಲ್ಲ. ವಾಜಪೇಯಿಯವರೇ ಇನ್ನು ಮಾಡಲ್ಲ ಅಂದ್ರು. 2008ರಲ್ಲಿ ಅಣು ಒಪ್ಪಂದದ ಹೊತ್ತಲ್ಲಿ ಪ್ರಣಬ್ ಮುಖರ್ಜಿ ಮತ್ತೆ ಅದನ್ನೇ ಹೇಳಿದ್ರು. ಮಾಡದೇ ಇರೋದನ್ನ ಮಾಡಲ್ಲ ಅಂತ ಬರೆದುಕೊಡೋಕೆ ಏನು?”

“ಬರೆದುಕೊಟ್ರೆ ಕೈ ಕಟ್ಟಿದ ಹಾಗೆ. ಅಮೆರಿಕದವರು ಬರೆದುಕೊಟ್ಟಿದಾರಾ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮೆರಿಕ, ಚೀನಾ, ಇಸ್ರೇಲ್, ಈಜಿಪ್ಟ್, ಇರಾನ್ ಸಹಿ ಹಾಕಿ ಸುಮ್ಮನೆ ಕೂತಿವೆ, ಅನುಮೋದಿಸಿಲ್ಲ. ರಷ್ಯಾ 2000ದಲ್ಲಿ ಅನುಮೋದಿಸಿದ್ದನ್ನು 2023ರ ನವೆಂಬರ್‌ನಲ್ಲಿ ವಾಪಸ್ ತಗೊಂಡಿತು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. 44ರಲ್ಲಿ ಈ ಒಂಬತ್ತು ಬಾಕಿ. ಅವರು ಮಾಡಲಿ ಆಮೇಲೆ ನಾವು ಅಂತ ಒಂಬತ್ತೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಹೀಗಿದ್ದೂ ವಿಯೆನ್ನಾದಿಂದ ನಡೆಯುವ ಪತ್ತೆಯ ಜಾಲ ಮಾತ್ರ ಕೆಲಸ ಮಾಡುತ್ತಿದೆ. 337 ಕೇಂದ್ರ ಮತ್ತು ಪ್ರಯೋಗಾಲಯಗಳ ಯೋಜನೆ ಅದು, ಬಹುಪಾಲು ಆಗಲೇ ನಡೆಯುತ್ತಿವೆ. ನೆಲದ ಕಂಪನ, ಸಮುದ್ರದೊಳಗಿನ ಶಬ್ದ, ಗಾಳಿಯಲ್ಲಿ ಕಿವಿಗೆ ಕೇಳದ ಅಲೆ, ಗಾಳಿಯಲ್ಲಿ ತೇಲುವ ವಿಕಿರಣದ ಕಣ, ನಾಲ್ಕನ್ನೂ ಅದು ಹಿಡಿಯುತ್ತದೆ. 2006ರಿಂದ 2017ರವರೆಗೆ ಉತ್ತರ ಕೊರಿಯಾ ಸಿಡಿಸಿದ ಆರನ್ನೂ ಹಿಡಿಯಿತು. ಕದ್ದು ಸಿಡಿಸಿದರೆ ಗೊತ್ತಾಗಲ್ಲ ಅನ್ನೋ ಮಾತಿಗೆ, ತೀರಾ ಸಣ್ಣ ಬಾಂಬುಗಳನ್ನು ಬಿಟ್ಟರೆ, ಈಗ ಬೆಲೆ ಇಲ್ಲ.

ಯೆಲ್ಲೊನೈಫ್ ಆ ಜಾಲದಲ್ಲಿದೆ, ವರಮುಂಗಾ ಇದೆ, ಎಸ್ಕ್‌ಡೇಲ್‌ಮ್ಯೂರ್ ಕೂಡ ಇದೆ. ಅದೇ ಕಾಲದ ನಮ್ಮ ಗೌರಿಬಿದನೂರು ಮಾತ್ರ ಇಲ್ಲ, ಯಾಕೆಂದರೆ ನಾವು ಸಹಿ ಹಾಕಿಲ್ಲ. ಸಹಿಯ ವಿಷಯ ದೆಹಲಿಯವರು ಇನ್ನೂ ಹತ್ತು ವರ್ಷ ಯೋಚಿಸಲಿ, ಆ ಬಂಡೆ ಕೇಳಿಸಿಕೊಂಡದ್ದನ್ನಾದರೂ ಸ್ವಂತ ಇಷ್ಟದಿಂದ ಎಲ್ಲರಿಗೂ ಕೊಡಬಹುದಲ್ಲ ಅಂತ ನನ್ನ ವಾದ. ಅದರಿಂದ ನಮ್ಮ ಬಾಂಬ್ ಒಂದೂ ಕಡಿಮೆಯಾಗಲ್ಲ. ಪಕ್ಕದವರು ಯಾರಾದರೂ ಮತ್ತೆ ಸಿಡಿಸಿದರೆ ಸಾಕ್ಷಿ ಹೇಳಲು ನಮ್ಮದೂ ಒಂದು ಕಿವಿ ಇರುತ್ತದೆ. ದೊಡ್ಡಪ್ಪನಿಗೂ ಇದನ್ನೇ ಹೇಳಿದೆ.

ಅವರು ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿದರು. “ಚೀನಾದವರು ಕೊಡ್ತಾರಾ?”

“ಅವರ ನೆಲದಲ್ಲೂ ಆ ಜಾಲದ ಕೇಂದ್ರಗಳಿವೆ ದೊಡ್ಡಪ್ಪ.”

“ಹೌದಾ? ಹಂಗಿದ್ರೆ ನಮ್ಮೋರಿಗೇನು ದಾಡಿ?” ಅಂದರು.